ಪೆಟ್ಟು ಸೊನ್ನೆ

ಉಮ್ ಅಲ್ ಕುವೈನ್, ಖೋರಿನ ಅಂಚು. ಬೆಳಗಿನ ಐದೂಮುಕ್ಕಾಲು.
ಝರ್ವಲಿ ರಿಗ್ಗಿನ ಸುತ್ತಿಗೆ ಎತ್ತುವ ಮೊದಲೇ
ಸರಳು ತನ್ನ ಭಾರಕ್ಕೆ ತಾನೇ
ಇಳಿದುಹೋಯಿತು ಒಂದೂವರೆ ಅಡಿ,
ಹಸಿದವನ ಗಂಟಲಲ್ಲಿ ತುತ್ತು ಇಳಿದ ಹಾಗೆ.

ನನ್ನ ಕೆಲಸ ಪೆಟ್ಟು ಎಣಿಸುವುದು.
ಎಣಿಸಲು ಏನೂ ಇರಲಿಲ್ಲ.
ಫಾರಂನಲ್ಲಿ ಬರೆದೆ: ಸೊನ್ನೆ.
ಷರಾ: ತೀರಾ ಮೆತ್ತಗೆ. ಕಟ್ಟಡಕ್ಕೆ ಅಯೋಗ್ಯ.

ಮೇಲೆ ಹಪ್ಪಳದಂತೆ ಉಪ್ಪು, ಕೆಳಗೆ ಕಪ್ಪು ರಾಡಿ,
ಕೊಳೆತ ಮೊಟ್ಟೆಯ ವಾಸನೆ.
ಸಬ್ಖಾ, ಎಂದ ಝರ್ವಲಿ, ಉಗುಳಿದ.
ಎರಡು ವರ್ಷದ ಹಿಂದೆ ಅವನ ಟ್ರಕ್ಕು ಇಲ್ಲೇ ಹೂತಿತ್ತು.
ಸಂಬಳದಲ್ಲಿ ಹಿಡಿದುಕೊಂಡಿದ್ದರು.

ನೂಲಾ ಮೇಡಂ ಬಗ್ಗಿ, ಬೆರಳಲ್ಲಿ ಒತ್ತಿ,
ಬೊಗ್ ಎಂದಳು.
ಇಂಗ್ಲಿಷು ಅಂದುಕೊಂಡೆ.
ಅಲ್ಲ, ಅವರು ಒಯ್ದದ್ದು ನಮ್ಮಿಂದ, ಎಂದಳು,
ಒಯ್ದು ಅದನ್ನು ಸಿಕ್ಕಿಬೀಳುವ ಜಾಗ ಮಾಡಿದರು.
ಐರಿಷಿನಲ್ಲಿ ಬೊಗ್ ಅಂದರೆ ಮೆತ್ತಗೆ. ಅಷ್ಟೇ.
ಜಿನುಗು ಮಳೆಯ ದಿನಕ್ಕೂ ಅದೇ ಮಾತು.
ನೆಲಕ್ಕೆ ಆ ಹೆಸರು ಆಮೇಲೆ ಅಂಟಿದ್ದು.

ಅವಳಜ್ಜಿ ಅಂಥ ನೆಲವನ್ನೇ ಇಟ್ಟಿಗೆಯಾಗಿ ಕಡಿದು
ಒಣಗಿಸಿ ಒಲೆಗೆ ಒಡ್ಡುತ್ತಿದ್ದಳಂತೆ.
ಯಾರೋ ಹುಗಿದು ಮರೆತ ಬೆಣ್ಣೆ
ಸಾವಿರ ವರ್ಷ ಕಳೆದು ಹಾರೆಗೆ ತಗುಲಿದಾಗಲೂ
ಬೆಣ್ಣೆಯೇ ಅಂತೆ.

ನಮ್ಮಲ್ಲೊಂದು ಗಾದೆಯಿದೆ, ಎಂದೆ:
ಮೆತ್ತಗಿದ್ದರೆ ಮತ್ತೊಂದು ಗುದ್ದು.
ಅವಳು ಸುತ್ತಿಗೆಯತ್ತ ನೋಡಿದಳು,
ಅರವತ್ತಮೂರೂವರೆ ಕಿಲೋ.
ನಕ್ಕಳೋ ಇಲ್ಲವೋ. ಮುಖದ ಮೇಲೆ ಹೆಲ್ಮೆಟ್ಟಿನ ನೆರಳು.

ಗಜನಿ ಎಂಬ ಮಾತು ಹೇಳಬೇಕೆನಿಸಿತು:
ಅಘನಾಶಿನಿಯ ಉಪ್ಪುನೀರಲ್ಲಿ ನಿಲ್ಲುವ ಕಗ್ಗ ಭತ್ತ,
ಮೊಣಕಾಲವರೆಗೆ ಹೂತು ನಾವು ಕೊಯ್ದ ತೆನೆ.
ಆ ಮಾತು ಎಲ್ಲಿಂದ ಬಂತು ಎಂದು ಕೇಳಿಬಿಟ್ಟರೆ
ನನಗೆ ಗೊತ್ತಿರಲಿಲ್ಲ. ಹೇಳಲಿಲ್ಲ.

ಮಧ್ಯಾಹ್ನ ಕಂಟೇನರಿನ ಹಿಂದೆ ಅವಳ ಫೋನು,
ಆಚೆ ಯಾರೋ ಅಳುತ್ತಿದ್ದರು.
ಟೋಗ್ ಗೊ ಬೊಗ್ ಎ, ಅಂದಳು, ಮತ್ತೆ ಮತ್ತೆ.
ಮೆತ್ತಗೆ ತಗೋ.
ಗಾಬರಿ ಬೇಡ ಅನ್ನಲು ಅವರಲ್ಲಿ ಹೀಗೆ.

ಸಂಜೆ ಮಾದರಿ ತುಂಬುವಾಗ ಸಲಿಕೆ ರಾಡಿಯನ್ನು ಹಿಡಿಯಲಿಲ್ಲ.
ಕೈಗವಸು ಕಳಚಿ ಎರಡೂ ಕೈ ಕೂಡಿಸಿ ಎತ್ತಿದೆ:
ಬೊಗಸೆ.
ಅವಳ ಮಾತಿಗೂ ಇದಕ್ಕೂ ನಂಟಿಲ್ಲ, ಗೊತ್ತು.
ಆದರೂ ಒಳಗೇನೋ ಮಿಸುಕಿತು,
ಒಂದು ಏಡಿಮರಿ, ಉಗುರಿನಷ್ಟು.
ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ಕಾಂಡ್ಲದ ಬೇರಿನ ಬಳಿ ಬಿಟ್ಟುಬಂದು
ಡಬ್ಬಿಗೆ ಚೀಟಿ ಅಂಟಿಸಿದೆ:
ಗುಂಡಿ ಏಳು, ಆಳ ಅರ್ಧ ಮೀಟರ್.
ಷರಾ ಮಾತ್ರ ಬೆಳಿಗ್ಗೆ ಬರೆದದ್ದೇ ಉಳಿಯಿತು.