ಪೀಪಾಯಿಯ ಬಾಯಿ

ಬೆಳಗಿನ ಏಳರಿಂದ ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ
ನಾನು ರಕ್ತ ತೆಗೆಯುವವಳು.
ದಿನಕ್ಕೆ ನಲವತ್ತು ತೋಳು.
ಬೆರಳಿಟ್ಟು ನರ ಹುಡುಕಿ, ಒಂದು ಗಳಿಗೆ ಉಸಿರು ತಡೆದು
ಒಂದೇ ಸಲಕ್ಕೆ ಇಳಿಸುತ್ತೇನೆ ಸೂಜಿ.
'ಆಗೇಹೋಯ್ತಾ?' ಅನ್ನುತ್ತಾರೆ ಜನ.

ಅದೇ ಕೈ ಸಂಜೆ ಅಡುಗೆಮನೆಯ ಮೇಜಿಗೆ ಬಂದು
ಎರಡು ಚುಕ್ಕೆಗಳ ನಡುವೆ ಒಂದು ಗೆರೆ ಎಳೆಯಲಾರದು.
ಹೊರಡುತ್ತದೆ, ಅನುಮಾನಿಸುತ್ತದೆ,
ಬಾಗಿಲು ಹಾಕಿದೆನೋ ಇಲ್ಲವೋ ಎಂದು ಹಿಂತಿರುಗಿ ನೋಡುತ್ತದೆ,
ಮೇಲೊಂದು ಗೆರೆ, ಅದರ ಮೇಲೊಂದು,
ಕೊನೆಗೆ ಹಾಳೆಯ ತುಂಬ ಕಂಬಳಿಹುಳುಗಳು.

ಐವತ್ತೊಂದನೇ ವರ್ಷಕ್ಕೆ ಚಿತ್ರ ಕಲಿಯಲು ಕೂತಿದ್ದೇನೆ.
ದಿನಕ್ಕೆ ಒಂದು ಹಾಳೆ ಗೆರೆ, ಒಂದು ಹಾಳೆ ಅಂಡಾಕಾರ,
ಒಂದು ಹಾಳೆ ಪೆಟ್ಟಿಗೆ. ಪೆನ್ನೇ ಆಗಬೇಕು,
ರಬ್ಬರಿನ ಮಾತೇ ಇಲ್ಲ.
ದುಂಡಗಿನ ರೊಟ್ಟಿ ಬಡಿಯಬಲ್ಲೆ, ನಿಜ,
ಆದರೆ ಅದೇ ರೊಟ್ಟಿಯನ್ನು ಪಕ್ಕದಿಂದ ಬಗ್ಗಿ ನೋಡಿ
ಬರೆ ಎಂದರೆ ಕೈ ಕಟ್ಟಿದಂತಾಗುತ್ತದೆ.

ಪಾಟಿಯ ಮೇಲೆ ಅಪ್ಪ ಬರೆದುಕೊಟ್ಟ 'ಅ'
ತಿದ್ದಿ ತಿದ್ದಿ ಹಾಗಲಕಾಯಿಯಷ್ಟು ದಪ್ಪ ಮಾಡಿದವಳು ನಾನು.
ತಿದ್ದುವುದೆಂದರೆ ನಮ್ಮಲ್ಲಿ
ಇದ್ದ ಗೆರೆಯ ಮೇಲೇ ಮತ್ತೆ ಬರೆಯುವುದು,
ತಪ್ಪನ್ನು ಸರಿಮಾಡುವುದೂ ಅದೇ.
ಇಲ್ಲಿ ಎರಡಕ್ಕೂ ಅಪ್ಪಣೆಯಿಲ್ಲ.

ಗುರುವಾರ ಬರುವವನು ವಾಲ್ಟರ್ ಡ್ರೂರಿ, ಎಂಬತ್ತಾರು.
ಬಂದರಿನಲ್ಲಿ ಹೆರಿಂಗ್ ಮೀನಿಗೆ ಪೀಪಾಯಿ ಕಟ್ಟುತ್ತಿದ್ದವನು,
ಆಮೇಲೆ ಪೀಪಾಯಿ ಹೋಗಿ ಪೆಟ್ಟಿಗೆ ಬಂದಾಗ
ಪೆಟ್ಟಿಗೆಗೆ ಮೊಳೆ ಹೊಡೆದವನು.
ಅವನ ಬಲಗೈ ತೊಡೆಯ ಮೇಲೆ ಸದಾ ಅದುರುತ್ತದೆ,
ಕಾಣದ ಗುಳಿಗೆಯೊಂದನ್ನು ಹೆಬ್ಬೆರಳಲ್ಲಿ ಹೊಸೆಯುತ್ತ.
ಹಾಗಾಗಿ ನನಗೆ ಎಡತೋಳು.

ಟ್ರಾಲಿಯಲ್ಲಿ ಹತ್ತಿಯ ಹಿಂದೆ ತುರುಕಿದ್ದ ಹಾಳೆ
ಅವನ ಕಣ್ಣಿಗೆ ಬಿತ್ತು.
'ಇವು ಆಲೂಗಡ್ಡೆಯಾ ನಂದಾ?'
(ಮಹಾನಂದಾದ 'ಮಹಾ' ಅವನ ಬಾಯಲ್ಲಿ ಎಂದೋ ಉದುರಿಹೋಗಿದೆ.)
'ಲೋಟದ ಬಾಯಿ' ಎಂದೆ.
'ಆ ಲೋಟದಲ್ಲಿ ನಾನು ಚಹಾ ಕುಡಿಯಲ್ಲಪ್ಪ' ಎಂದು
ಪೆನ್ನು ಕೇಳಿದ.

ಹಾಳೆ ಮುಟ್ಟಲಿಲ್ಲ ಮೊದಲು.
ಗಾಳಿಯಲ್ಲೇ ಸುತ್ತಿದ, ಒಂದು ಸಲ, ಎರಡು ಸಲ,
ಮಣಿಕಟ್ಟು ಅಲುಗದೆ ಭುಜದಿಂದ,
ಇಳಿಯುವ ಮೊದಲು ಹದ್ದು ಸುತ್ತುವ ಹಾಗೆ.
ಮತ್ತೆ ಇಳಿದ.
ಓರೆಯಾಗಿ ಮಲಗಿದ ಪೀಪಾಯಿಯ ಬಾಯಿ,
ಸುತ್ತಲೂ ಒಂದೇ ಉಸಿರು.
ಅದುರು?
ಪೆನ್ನು ಕೆಳಗಿಟ್ಟಾಗ ಅದು ತೊಡೆಯ ಮೇಲೆ ಕಾಯುತ್ತಿತ್ತು
ಅಂಗಡಿಯ ಹೊರಗೆ ಕಟ್ಟಿಹೋದ ನಾಯಿಯಂತೆ.

'ತಪ್ಪಾದರೆ?' ಎಂದೆ.
'ಆಗಲಿ. ಪೂರ್ತಿ ತಪ್ಪಾಗಲಿ.
ಪೂರ್ತಿ ಕೆಟ್ಟ ಪೀಪಾಯಿ ಒಲೆಗಾದರೂ ಆಗುತ್ತೆ,
ಅರೆಕೆಟ್ಟದ್ದು ದಾರಿಯುದ್ದಕ್ಕೂ ಸೋರುತ್ತೆ.'
ಎಡತೋಳು ಚಾಚಿದ. 'ಈಗ ನೀನು.'

ಬೆರಳಿಟ್ಟೆ. ನರ ಸಿಕ್ಕಿತು. ಉಸಿರು ತಡೆದೆ.
ಅರೆ, ಇದೂ ಅದೇ ಅಲ್ಲವೇ,
ಹದ್ದಿನ ಸುತ್ತು, ಆಮೇಲೆ ಇಳಿಯುವುದು!
ಇಪ್ಪತ್ತು ವರ್ಷದಿಂದ ನನ್ನ ಕೈಗೆ ಗೊತ್ತಿದ್ದದ್ದು
ನನಗೆ ಹೊಳೆಯಿತು.
ಹೊಳೆದದ್ದೇ ತಡ,
ತಪ್ಪಿತು ನರ.
'ಭೇಷ್' ಎಂದು ನಕ್ಕ ಡ್ರೂರಿ, ಹಲ್ಲು ಕಚ್ಚಿ.
'ಪೂರ್ತಿ ತಪ್ಪು. ಇನ್ನೊಂದು ಹೊಡಿ.'

ಆ ರಾತ್ರಿ ಪೆಟ್ಟಿಗೆಗಳ ಹಾಳೆ.
ಹೊರಗೆ ಹಂಬರ್ ನದಿಯ ಗಾಳಿ ಕಿಟಕಿ ಅಲ್ಲಾಡಿಸುತ್ತಿತ್ತು.
ದೂರದಲ್ಲಿ ಒಂದೆಡೆ ಸೇರಬೇಕಾದ ಗೆರೆಗಳು
ಜಗಳವಾಡಿದ ಅಣ್ಣತಮ್ಮಂದಿರಂತೆ ಬೇರೆಬೇರೆ ಊರಿಗೆ ಹೊರಟವು.
ಒಂದು ಮುಚ್ಚಳ ಗೋಡೆಗಿಂತ ದೊಡ್ಡದು.
ಒಂದರಲ್ಲಿ ಮೀನು ಹಾಕಿದರೆ ಮೂಲೆಯಿಂದ ಜಾರಿ ಬೀಳುತ್ತದೆ.
ತಿದ್ದಲಿಲ್ಲ.
ಕೆಳಗೆ ತಾರೀಖು ಹಾಕಿ ಮಗುಚಿದೆ.

ಮುಂದಿನ ಗುರುವಾರ ತೋಳು ಮಡಚಿ ತೋರಿಸಿದ:
ನಾನು ತಪ್ಪಿದ ಜಾಗದಲ್ಲಿ ಅಂಡಾಕಾರದ ಕಲೆ,
ನಡುವೆ ನೇರಳೆ, ಅಂಚಿಗೆ ಹಳದಿ.
'ನೋಡು, ಬಣ್ಣ ಬೇರೆ ತುಂಬಿದ್ದೀಯ.'
ಕಲೆಯ ಅಂಚನ್ನೇ ನೋಡುತ್ತಿದ್ದೆ.
ಎಲ್ಲೂ ಮೂಲೆ ಇರಲಿಲ್ಲ.