ಬಸ್ಕಿ ಲೆಕ್ಕ

ನಜರ್‌ಬಾದಿನ ಗರಡಿ. ಬೆಳಗಿನ ಐದೂವರೆ.
ಕೆಮ್ಮಣ್ಣಿಗೆ ಎಣ್ಣೆ, ಅರಿಶಿನದ ವಾಸನೆ.
ಮಾತ್ರೆ ನುಂಗಿ ನುಂಗಿ ಊದಿದ ಮೈ,
ನಾಲಿಗೆಯೂ ದಪ್ಪ.

‘ಬಸ್ಕಿ ಹೊಡಿ, ಎಣಿಸ್ಕೊಂಡು’ ಅಂದರು ಉಸ್ತಾದ್ ಚೌಡಪ್ಪ,
ಕಾಯಿಲೆ ಏನೆಂದು ಕೇಳದೆ.

ಒಂದು, ಎರಡು. ಏಳಕ್ಕೆ
ಅವರೂ ಶುರು, ತಲೆಯೊಳಗಿನವರು,
ಬೇಕಂತಲೇ ತಪ್ಪು ತಪ್ಪು:
ಒಂಬತ್ತು, ನಾಲ್ಕು, ನಿಮ್ಮಪ್ಪ, ಹದಿಮೂರು.
ಮತ್ತೆ ಒಂದರಿಂದ.

ಆಷಾಢ ಕಳೆಯಿತು. ತೊಡೆ ನಡುಗುವುದು ನಿಂತಿಲ್ಲ.
ಆದರೆ ನಲವತ್ತು ದಾಟಿದರೆ
ಅವರಿಗೆ ಏದುಸಿರು.
ಕೂತಲ್ಲೇ ಕೂತು ಬೈಯುವ ಜನ,
ಎಂದೂ ಮೈ ಬಗ್ಗಿಸಿದವರಲ್ಲ.

ಅರವತ್ತೊಂದು, ಅರವತ್ತೆರಡು.
ನನ್ನದೊಂದೇ ದನಿ.

ಬೆವರು ಒರೆಸಿಕೊಂಡು ಹೊರಬಂದೆ.
ಚಪ್ಪಲಿ ಎಲ್ಲಿ ಬಿಟ್ಟೆ?
ನಲ್ಲಿಯ ಎಡಕ್ಕೆ, ಸೈಕಲ್ಲಿನ ಹಿಂದೆ.
ಅಲ್ಲೇ ಇದ್ದವು.

ಅಕ್ಕನಿಗೆ ಹೇಳಬೇಕು.
ಅವಳು ನಗಬಾರದು.