ಖುದ್ದು ಜಾರಿ

ಮೂಲ ದಾವಾ ನಂಬರು ನೂರಾ ಹನ್ನೊಂದು.
ಪ್ರತಿವಾದಿ: ನೀಲವ್ವ ಕೋಂ ದುಂಡಪ್ಪ ಕರಡಿಗುಡ್ಡ,
ವಯಾ ಅರವತ್ತೆಂಟು, ಉದ್ಯೋಗ ಮನೆಗೆಲಸ,
ಸಾಕಿನ್ ಮಣ್ಣಿಹಾಳ, ತಾಲೂಕು ಬಾಗಲಕೋಟೆ.

ಮಣ್ಣಿಹಾಳ ನೀರಾಗ ಐತಿ.
ವಾದಿ ವಕೀಲರಿಗೆ ಗೊತ್ತು, ಶಿರಸ್ತೇದಾರರಿಗೆ ಗೊತ್ತು,
ಟೈಪ್ ಮಾಡಿದ ಹುಡುಗಿಯ ಅಪ್ಪನ ಆ ಊರಾಂವ.
ಆದ್ರೂ ಮೊಹರು ಬಿತ್ತು, ಸಾಹೇಬರ ಸಹಿ ಬಿತ್ತು,
ನನ್ನ ಚೀಲಕ್ಕ ಬಿತ್ತು.

ಬೇಲೀಫ ಆಗಿ ಇಪ್ಪತ್ತಾರು ವರ್ಷ.
ಹೆಸರು ಯಮನಪ್ಪ. ಕದಾ ತಗದವರು
ನಗಬೇಕೋ ಬ್ಯಾಡೋ ಅಂತ ನಿಂತಿರತಾರ.
ಕಾಯ್ದೆ ನನಗ ಕಲಿಸಿದ್ದು ಇಷ್ಟ:
ಕೈಯಾಗ ಕೊಡು. ಆಸಾಮಿ ಸಿಗಲಿಲ್ಲಂದ್ರ
ಮನಿಯಾಗಿನ ದೊಡ್ಡವರಿಗೆ ಕೊಡು, ಆಳಿಗೆ ಬ್ಯಾಡ.
ಒಲ್ಲೆ ಅಂದ್ರ ಹೊರಗಿನ ಕದಕ್ಕ ಹಚ್ಚು,
ನೋಡಿದವರ ಹೆಸರು ಬರಕೊ.

ಹಿನ್ನೀರಿನ ದಂಡ್ಯಾಗ ಫಟಫಟಿ ನಿಲ್ಲಿಸಿದೆ.
ಯಾವ ಕದಕ್ಕ ಹಚ್ಚಲಿ?
ಬಲಿ ಬಿಡಿಸ್ತಿದ್ದ ಮೀನಗಾರ ಬೆರಳು ಮಾಡಿದ:
"ಆ ಕೊಕ್ಕರೆ ಕುಂತೈತಲ್ಲ, ಅದು ಗುಡಿ ಕಳಸ.
ಅದರ ಎಡಕ್ಕ ಮೂರನೇದು ನೀಲವ್ವನ ಮನಿ."
ಸಾಕ್ಷಿ ಆಗ್ತೀಯೇನು ಅಂದೆ.
ನಕ್ಕ.

ಪುನರ್ವಸತಿ ಕೇಂದ್ರದಾಗ ಸಿಕ್ಕಳು,
ತಗಡಿನ ನೆರಳಾಗ ಶೇಂಗಾ ಒಡಿಯಾಕತ್ತಿದ್ದಳು.
ಸಮನ್ಸ್ ಅಂದಕೂಡ್ಲೆ ಸೊಸಿ ಅತ್ತಳು,
"ನಮ್ಮತ್ತಿನ ಹಿಡಕೊಂಡು ಹೋಗ್ತೀರೇನ್ರಿ?"
ಇಲ್ಲ ತಂಗಿ, ಇದು ವಾರಂಟಲ್ಲ, ಬರೇ ಕರಿಯೂದು.
ಮೈದುನನ ಮಕ್ಕಳು ಪರಿಹಾರದ ರೊಕ್ಕದಾಗ ಪಾಲು ಕೇಳ್ಯಾರ.
ಅವರ ಮಾತು ಅವರು ಹೇಳ್ಯಾರ, ನಿಮ್ಮ ಮಾತು ನೀವು ಹೇಳ್ರಿ.
ನೀವಾದ್ರೂ ಬರ್ರಿ, ವಕೀಲನ್ನಾದ್ರೂ ಕಳಸ್ರಿ.
ಬರಲಿಲ್ಲಂದ್ರ ಕೋರ್ಟಿಗೆ ಅವರದೊಂದ ದನಿ ಕೇಳತೈತಿ,
ಕೇಳಿದ್ದ ಖರೇ ಆಗತೈತಿ.

ನೀಲವ್ವ ಇದ್ಯಾವುದೂ ಕೇಳಲಿಲ್ಲ.
ದಾವಾ ನಕಲಿನ ಕಡೀ ಹಾಳಿ ಓದು ಅಂದಳು.
ಓದಿದೆ:
ಮನೆ ನಂಬರು ಎಂಬತ್ತೇಳು.
ಪೂರ್ವಕ್ಕೆ ಮೌನೇಶ ಬಡಿಗೇರ ಇವರ ಹಿತ್ತಲು,
ಪಶ್ಚಿಮಕ್ಕೆ ಸಾರ್ವಜನಿಕ ರಸ್ತೆ,
ದಕ್ಷಿಣಕ್ಕೆ ಹಾಳು ಬಾವಿ,
ಉತ್ತರಕ್ಕೆ ಸದರಿ ಪ್ರತಿವಾದಿಯ ದನದ ಕೊಟ್ಟಿಗೆ.

ಇನ್ನೊಮ್ಮೆ ಅಂದಳು. ಓದಿದೆ.
ಕೊಟ್ಟಿಗೆ ಬಂದಾಗ ಶೇಂಗಾ ಒಡಿಯೋ ಕೈ ನಿಂತಿತು.
"ಹಾಳು ಬಾವಿ ಅಲ್ಲದು. ಸೀನೀರು.
ಇಡೀ ಓಣಿ ಕುಡೀತಿತ್ತು. ಹಂಗಂತ ಬರಕೊ."
ನಾ ಬರಕೊಂಡ್ರ ನಡಿಯೂದಿಲ್ಲವ್ವ,
ಅದನ್ನ ಕೈಫಿಯತ್ತಿನಾಗ ನೀವ ಹೇಳಬೇಕು.
"ಹಂಗಾರ ಬರತೀನಿ."
ಸೆರಗಿಗೆ ಒರಸಿ ಹೆಬ್ಬಟ್ಟು ಚಾಚಿದಳು.

ಷರಾ ಬರದೆ: ಖುದ್ದು ಜಾರಿ.
ಜಾರಿಯಾದ ಸ್ಥಳ ಅನ್ನೋ ಕಡೆ ಪೆನ್ನು ನಿಂತೈತಿ.
ಭತ್ಯೆ ಬಿಲ್ಲೂ ಅಷ್ಟ, ಇನ್ನೂ ತುಂಬಿಲ್ಲ.
ಕಚೇರಿಯಿಂದ ನೀರಿನ ದಂಡಿತನಕ ಹದಿನೆಂಟು ಕಿಲೋಮೀಟರ್,
ಅಲ್ಲಿಂದ ಆ ಕೊಕ್ಕರೆತನಕ
ಎಷ್ಟಂತ ಬರೀಲಿ?